ಹೊಲ ನೋಡಿ ಹೆಣ್ಣು ಕೊಟ್ಟ ನಮ್ಮತ್ತೆ

ನಮ್ಮ ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ಹೊರಟು, ಹೊತ್ತಿಗೆ ಸರಿಯಾಗಿ ಯಾವುದಾದರೂ ಊರು ಮುಟ್ಟಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಮುಂದೆ ಬರಲಿ, ಅವರ ಕಾಲಿಗೆ ಬೀಳುತ್ತೇನೆ! ನಮ್ಮೂರು ಸವಡಿಯಿಂದ ರೋಣವೇನು ಕಾಶಿಯಷ್ಟು ದೂರವೇ? ಮುಂಜಾನೆ ರೊಟ್ಟಿ ತಿಂದು ಹೊರಟರೆ ಕುಂಟರೂ ಸಂತೆ ಕೂಡುವ ಹೊತ್ತಿಗೆ ಮುಟ್ಟುತ್ತಾರೆ. ನಮ್ಮತ್ತೆ ಮುಟ್ಟುತ್ತಿದ್ದದ್ದು ಸಂತೆ ಹರಿದು, ಕಾಯಿಪಲ್ಲೆಯವರು ಬುಟ್ಟಿ ಬೋರಲು ಹಾಕಿಕೊಂಡು ಎಲೆಯಡಿಕೆ ತಿನ್ನುವ ಹೊತ್ತಿಗೆ. ಕಾಲಲ್ಲಿ ಶಕ್ತಿ ಇರಲಿಲ್ಲವೇ? ಕಾಲು ಕಬ್ಬಿಣದಂಥವು. ತಂಟೆಯೆಲ್ಲ ಕಣ್ಣಿನದು. ದಾರಿಯ ಎಡಕ್ಕೋ ಬಲಕ್ಕೋ ಯಾರ ಹೊಲದಲ್ಲಾದರೂ ಕಸ ಕಂಡಿತೋ, ಅತ್ತೆಯ ಪ್ರಯಾಣ ಅಲ್ಲಿಗೆ ಮುಗಿಯಿತು!

ಕಸವೆಂದರೆ ಅಂಗಳ ಗುಡಿಸಿ ಎಸೆಯುವ ಕಸವಲ್ಲ. ಯಾರೂ ಬಿತ್ತದೆ, ಯಾರೂ ಕರೆಯದೆ ಬೆಳೆಯ ನಡುವೆ ಬಂದು ಕೂತು, ಬೆಳೆಯ ನೀರು ಕುಡಿದು, ಬೆಳೆಗಿಂತ ಮೊದಲು ಹೂ ಬಿಡುತ್ತದಲ್ಲ, ಅದು. ಓದಿದವರು ಅದಕ್ಕೆ ಕಳೆ ಎಂದು ಹೆಸರಿಟ್ಟಿದ್ದಾರೆ. ಅತ್ತೆಗೆ ಅದು ಮನೆಗೆ ನುಗ್ಗಿದ ಕಳ್ಳ. ಕಳ್ಳ ಪಕ್ಕದ ಮನೆಗೆ ನುಗ್ಗಿದರೆ ನಾವು ಸುಮ್ಮನೆ ಸಂತೆಗೆ ಹೋಗುತ್ತೇವೆಯೇ? ಹಾಗಾಗಿ ಅವಳು ಸೀರೆಯ ಕಚ್ಚೆ ಬಿಗಿದು ಬದು ದಾಟುತ್ತಿದ್ದಳು. ಹಿಂದೆ ನಾವು, ಕೈಯಲ್ಲಿ ಖಾಲಿ ಚೀಲ, ತಲೆಯ ಮೇಲೆ ಬಿಸಿಲು.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅತ್ತೆ. ಮಕ್ಕಳಿರಲಿಲ್ಲ. ನನ್ನ ಅಪ್ಪನಿಗೆ ಅಕ್ಕ. ಅಪ್ಪನಿಗೆ ಊರಿನಲ್ಲಿ ದೊಡ್ಡ ಮಾತು, ಮನೆಯಲ್ಲಿ ನಡುತರದ ಮಾತು, ಅಕ್ಕನ ಮುಂದೆ ಮಾತೇ ಇಲ್ಲ. ನಮ್ಮ ಎರೆ ಹೊಲದ ಒಡೆತನ ಕಾಗದದ ಮೇಲೆ ಅಪ್ಪನದು. ಹೊಲವನ್ನೇ ಕೇಳಿದ್ದರೆ ಅದು ಬೇರೆ ಹೆಸರು ಹೇಳುತ್ತಿತ್ತು.

ಒಮ್ಮೆ ಪಕ್ಕದ ಹೊಲದ ಯಜಮಾನರು ತಮ್ಮ ಕಡಲೆಯಲ್ಲಿ ಅತ್ತೆ ಕೂತು ಕಸ ಕೀಳುವುದನ್ನು ಕಂಡರು. ಬದು ಒತ್ತುವ ಹುನ್ನಾರವೆಂದು ಅವರ ಗುಮಾನಿ. ದಡದಡ ಬಂದು, ನಮ್ಮ ಹೊಲದಲ್ಲಿ ಕಾಲಿಡಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಅತ್ತೆ ತಲೆ ಎತ್ತಲಿಲ್ಲ.

"ನಿಮ್ಮ ಕಸದ ಬೀಜ ಗಾಳಿಗೆ ಹಾರಿ ನಮ್ಮ ಹೊಲಕ್ಕ ಬರತಾವಲ್ಲ, ಅವು ಯಾರನ್ನ ಕೇಳಿ ಬರತಾವ್ರಿ?"

ಯಜಮಾನರು ಬದುವಿನ ಕಲ್ಲು ಎಲ್ಲಿದೆ, ಮುತ್ತಜ್ಜನ ಕಾಲದಲ್ಲಿ ಎಲ್ಲಿತ್ತು ಎಂದು ಬೇರೆ ದಿಕ್ಕಿನಿಂದ ಜಗಳ ತೆಗೆದರು. ಅಷ್ಟರಲ್ಲಿ ರೊಟ್ಟಿಯ ಬುಟ್ಟಿ ಹೊತ್ತು ಬಂದ ಅವರ ಹೆಂಡತಿ ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಜಗಳಾ ನಾಳಿಗೆ ಆಡ್ರಿ. ಆ ಕಡಿ ಇನ್ನೂ ಎರಡು ಸಾಲು ಉಳದಾವ" ಎಂದಳು.

ಗದಗಿನ ಬಸ್ಸಿನ ಕತೆಯಂತೂ ರೋಣದ ಬಸ್ ನಿಲ್ಲುವ ಜಾಗದಲ್ಲಿ ಬಹಳ ದಿನ ಓಡಾಡಿತು. ಆಗಿನ್ನೂ ನಾವು ಮುಂಬೈ ಸರಕಾರದ ಕೆಳಗಿದ್ದೆವು. ಬಸ್ಸುಗಳೋ, ನಾಲ್ಕು ಹೆಜ್ಜೆ ನಡೆದರೆ ಕಾದು ಹೊಗೆ ಬಿಟ್ಟು ನಿಲ್ಲುವಂಥವು. ಅಂದೂ ನಿಂತಿತು. ಡ್ರೈವರ ಡಬ್ಬಿ ಹಿಡಿದು ಹಳ್ಳಕ್ಕೆ ನೀರು ತರಲು ಹೋದ. ಅತ್ತೆ ಕಿಟಕಿಯಿಂದ ಹೊರಗೆ ನೋಡಿದಳು. ನೋಡಬಾರದಿತ್ತು! ಹತ್ತಿ ಹೊಲದ ತುಂಬ ಕಸ, ಅದೂ ಮೊಗ್ಗಾದ ಕಸ. ನಾಳೆ ಹೂವಾಗಿ, ನಾಡಿದ್ದು ಬೀಜವಾಗಿ, ಮುಂದಿನ ವರ್ಷ ಸುತ್ತಲಿನ ನಾಲ್ಕು ಊರಿಗೆ ಹಂಚಿಕೆಯಾಗುವ ಕಸ. ಕಸ ಕೀಳುವುದಿದ್ದರೆ ಹೂ ಬಿಡುವುದರೊಳಗೆ ಕೀಳಬೇಕು, ಆಮೇಲೆ ಕಿತ್ತರೆ ಅದು ಬಿತ್ತನೆ ಎಂಬುದು ಅತ್ತೆಯ ಶಾಸ್ತ್ರ. ಇಳಿದಳು. ಪಕ್ಕದ ಸೀಟಿನ ಹೆಂಗಸು, ಮುದುಕಿ ಹೊಲದಲ್ಲಿ ಒಬ್ಬಳೇ ಕೂತಿದ್ದಾಳಲ್ಲ ಎಂದು ತಾನೂ ಇಳಿದಳು. ಅವಳ ಹಿಂದೆ ಅವಳ ನಾದಿನಿ. ಡ್ರೈವರ ನೀರು ತಂದು ನೋಡಿದರೆ ಬಸ್ಸಿನಲ್ಲಿ ಒಬ್ಬ ಮಲಗಿದ ಗಂಡಸು ಮತ್ತು ಒಂದು ಕೋಳಿ. ಉಳಿದ ಪ್ಯಾಸೆಂಜರೆಲ್ಲ ಹತ್ತಿ ಸಾಲಿನಲ್ಲಿ! ಕಂಡಕ್ಟರ್ ಬದುವಿನ ಮೇಲೆ ನಿಂತು ಸೀಟಿ ಊದಿ ಊದಿ ಸೋತ. ಅತ್ತೆ ಅವನಿಗೂ ಕೈ ಮಾಡಿ, ನಿನ್ನ ಗಾಡಿ ಹೇಗೂ ಆರಬೇಕು, ಅಲ್ಲಿಯವರೆಗೆ ನೀನೂ ಒಂದು ಸಾಲು ಹಿಡಿ ಎಂದಳಂತೆ. ಹಿಡಿದನೋ ಬಿಟ್ಟನೋ ಗೊತ್ತಿಲ್ಲ. ಗದಗ ಮುಟ್ಟಿದಾಗ ಅವನ ಖಾಕಿ ಪ್ಯಾಂಟಿನ ಮೊಣಕಾಲಿಗೆ ಎರೆಮಣ್ಣು ಹತ್ತಿತ್ತು ಎಂದು ನೋಡಿದವರು ಹೇಳುತ್ತಾರೆ.

ಬರೀ ಕೀಳುವವಳಾಗಿದ್ದರೆ ಅವಳನ್ನು ಹುಚ್ಚಿ ಎಂದು ಬಿಡಬಹುದಿತ್ತು. ಅತ್ತೆಯದು ಯುದ್ಧ, ಯುದ್ಧಕ್ಕೆ ಸಿದ್ಧತೆ ಬೇಕಲ್ಲ! ಬೀಜ ಬಿತ್ತುವ ಮೊದಲು ಜರಡಿ ಹಿಡಿದು, ಮೊರದಲ್ಲಿ ಕೇರಿ, ಕಸದ ಬೀಜವನ್ನೆಲ್ಲ ಒಲೆಗೆ ಹಾಕುತ್ತಿದ್ದಳು. ತಿಪ್ಪೆ ಪೂರ್ತಿ ಕೊಳೆಯದೆ ಒಂದು ಬುಟ್ಟಿ ಗೊಬ್ಬರ ಹೊಲ ಕಾಣುವಂತಿಲ್ಲ. ಹಸಿ ಗೊಬ್ಬರದಲ್ಲಿ ಕಸದ ಬೀಜ ಜೀವ ಹಿಡಿದುಕೊಂಡು ಕೂತಿರುತ್ತದೆ. ಜೋಳ ಬಿತ್ತಿದ ಕಡೆ ಮರುವರ್ಷ ಕಡಲೆ. ಅದೇ ಬೆಳೆ ಅದೇ ಜಾಗದಲ್ಲಿ ಬಂದರೆ ಅದರ ಕಸಕ್ಕೂ ಅದು ತವರುಮನೆ ಆಗಿಬಿಡುತ್ತದಂತೆ. ಇನ್ನು ಮನೆಗೆ ನೆಂಟರು ಚಕ್ಕಡಿ ಕಟ್ಟಿಕೊಂಡು ಬಂದರೆ, ಕಾಲಿಗೆ ನೀರು ಕೊಡುವ ಮೊದಲು ಅತ್ತೆ ಕೇಳುತ್ತಿದ್ದದ್ದು, ನಿಮ್ಮ ಎತ್ತು ದಾರಿಯಲ್ಲಿ ಏನು ಮೇಯ್ದು ಬಂದಿವೆ ಎಂದು! ಸಗಣಿಯಲ್ಲಿ ಬೇರೆ ಊರಿನ ಕಸ ನಮ್ಮೂರಿಗೆ ಬರಬಾರದು. ಆ ಎತ್ತುಗಳು ಬಾಲ ಎತ್ತಿದರೆ ಸಾಕು, ಅತ್ತೆ ಬುಟ್ಟಿ ಹಿಡಿದು ಹಿಂದೆ ನಿಂತಿರುತ್ತಿದ್ದಳು. ನೆಂಟರು ಇದನ್ನು ವಿಪರೀತ ಮರ್ಯಾದೆ ಎಂದು ತಿಳಿಯುತ್ತಿದ್ದರು.

ಎಲ್ಲಕ್ಕೂ ಕ್ರೂರವಾದದ್ದು ಇನ್ನೊಂದಿತ್ತು. ಅತ್ತೆ ವೈರಿಯನ್ನು ತಿನ್ನುತ್ತಿದ್ದಳು! ಹಕ್ಕರಕಿ, ಕಿರಕಸಾಲಿ, ಗೋಣಿ ಪಲ್ಲೆ, ಹೊಲದಲ್ಲಿ ತಾವಾಗಿ ಎದ್ದ ಸೊಪ್ಪುಗಳನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಕೆಲವು ಹಸಿಯಾಗಿಯೇ ಬಿಸಿ ರೊಟ್ಟಿಯ ಮೇಲೆ, ಜೊತೆಗೆ ಶೇಂಗಾ ಚಟ್ನಿ, ಕೆನೆ ಮೊಸರು. ಕೆಲವು ಬೇಳೆಯ ಜೊತೆ ಒಲೆಯ ಮೇಲೆ. ತಿನ್ನಲು ಬಾರದ್ದು ಎಮ್ಮೆಗೆ. ಎಮ್ಮೆಯೂ ಒಲ್ಲೆ ಎಂದದ್ದು ಸಾಲಿನಲ್ಲೇ ಬಿಸಿಲಿಗೆ ಒಣಗಿ, ನೆಲದ ಹಸಿ ಆರದಂತೆ ಮೇಲೆ ಹೊದಿಕೆ. ನಮ್ಮ ಹೊಲದಲ್ಲಿ ಹುಟ್ಟಿದ ಕಸ ಒಂದೂ ದಂಡವಾಗಿ ಸಾಯಲಿಲ್ಲ. ಈ ಮಾತನ್ನು ನಾನು ಎದೆ ಉಬ್ಬಿಸಿಯೇ ಹೇಳುತ್ತೇನೆ.

ನಮ್ಮ ಫಜೀತಿ ಶುರುವಾದದ್ದು ತಂಗಿಯ ಮದುವೆಯ ಮಾತು ಎದ್ದಾಗ. ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಿ, ಎತ್ತು ನೋಡಿ, ಆಮೇಲೆ ಹೊಲದ ಬದು ತುಳಿದು ಬರುವುದು ರೂಢಿ. ಹಿರಿಯಳೆಂದು ಅತ್ತೆಯನ್ನು ಬಿಟ್ಟು ಹೋಗುವಂತಿಲ್ಲ. ಕರೆದುಕೊಂಡು ಹೋದರೆ ಸಂಬಂಧ ಕೂಡುವಂತಿಲ್ಲ!

ರಾಜೂರಿನ ಮನೆ ನೋಡಿದೆವು. ದೊಡ್ಡ ವಾಡೆ, ಬಾಗಿಲಿಗೆ ಹಿತ್ತಾಳೆಯ ಹೂವು. ಅಪ್ಪನಿಗೆ ಮನಸ್ಸು ತುಂಬಿತ್ತು. ಅತ್ತೆ ಹೊಲದಿಂದ ಬಂದವಳು ಚಕ್ಕಡಿ ಏರಿ, "ವಾಡೇಕ್ಕ ಕೊಡತೀಯೋ ಹೊಲಕ್ಕ ಕೊಡತೀಯೋ? ಹೊಲದಾಗ ಮೊಣಕಾಲಮಟ ಕರಿಕಿ ಹುಲ್ಲ ಐತಿ" ಎಂದಳು. ಆ ಮಾತು ಅಲ್ಲಿಗೆ ಬಿತ್ತು. ಗಜೇಂದ್ರಗಡದ ಕಡೆಯ ಇನ್ನೊಂದು ಮನೆಯವರು ಜಾಣರು. ನಾವು ಬರುವ ಸುದ್ದಿ ಕೇಳಿ ದಾರಿಯ ಮಗ್ಗುಲಿನ ಸಾಲುಗಳನ್ನು ಕನ್ನಡಿಯ ಹಾಗೆ ಮಾಡಿಟ್ಟಿದ್ದರು. ಅತ್ತೆ ಬಯಲಿಗೆ ಹೋಗಿಬರುವ ನೆಪ ಹೇಳಿ ಹೊಲದ ನಡುಮಧ್ಯಕ್ಕೆ ಹೋಗಿ ನೋಡಿ ಬಂದಳು. "ಮಾರಿ ಅಷ್ಟ ತೊಳದಾರ, ಕಾಲು ತೊಳದಿಲ್ಲ" ಎಂದಳು. ಅದೂ ಹೋಯಿತು.

ಹೀಗೆ ಒಂದೊಂದೇ ಮನೆ ಹೋದ ಹಾಗೆ ಊರಲ್ಲಿ ನಗೆ ಎದ್ದಿತು. ಬಾವಿಯ ಕಟ್ಟೆಯ ಮೇಲೆ ನನ್ನ ಹೆಂಡತಿಯನ್ನು ಕೂಡ ಬಿಡಲಿಲ್ಲ. ನಿಮ್ಮ ಮನೆಯಲ್ಲಿ ಹುಡುಗಿಗೆ ವರ ನೋಡುತ್ತಾರೋ ಕಸ ತೆಗೆಯುವ ಕುರ್ಪಿಗೆ ವರ ನೋಡುತ್ತಾರೋ ಎಂದು ಕೇಳಿದರಂತೆ. ತಂಗಿಯ ಓರಗೆಯವರೆಲ್ಲ ಬಗಲಲ್ಲಿ ಕೂಸು ಎತ್ತಿಕೊಂಡು ತವರಿಗೆ ಬಂದು ಹೋಗುತ್ತಿದ್ದರು. ಅವರು ಬಂದಾಗ ತಂಗಿ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಾ ಕೂಡುತ್ತಿದ್ದಳು, ತಿಕ್ಕಿದ ಪಾತ್ರೆಗಳನ್ನೇ. ಅದನ್ನು ನೋಡಿ ಅವ್ವನಿಗೆ ತಡೆಯಲಾಗಲಿಲ್ಲ. ಇನ್ನೊಂದು ಸಂಬಂಧ ಮುರಿದರೆ ಈ ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲ, ನನ್ನ ಮಗಳನ್ನು ಕಸಕ್ಕೆ ಹೆದರಿ ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ಅಪ್ಪನ ಮುಂದೆ ಸೆರಗು ಬಾಯಿಗೆ ಹಿಡಿದಳು.

ನರಗುಂದದ ಹತ್ತಿರದ ಊರಿನಿಂದ ಮಾತು ಬಂದದ್ದು ಆಗಲೇ. ಹುಡುಗ ಗಟ್ಟಿಮುಟ್ಟು, ಮನೆ ಉಣ್ಣಲಿಕ್ಕೆ ತಿನ್ನಲಿಕ್ಕೆ ಸಾಕು. ಅಪ್ಪ ಅಂದು ಮೊದಲ ಸಲ ಅಕ್ಕನ ಮುಂದೆ ಮಾತು ತೆಗೆದ. ಜಗಲಿಯ ಮೇಲಿನ ದೇವರ ಎದುರು ನಿಲ್ಲಿಸಿ, ಅವರ ಹೊಲದಲ್ಲಿ ಒಂದು ಕಡ್ಡಿ ಕಸ ಮುಟ್ಟುವುದಿಲ್ಲ ಎಂದು ಅವಳ ಕೈಯಿಂದ ಆಣೆ ಹಾಕಿಸಿದ. ಅತ್ತೆ ಆಣೆ ಹಾಕಿದಳು. ದಾರಿಯುದ್ದಕ್ಕೂ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ಆಕಾಶ ನೋಡುತ್ತಾ ಕೂತಿದ್ದಳು. ಚಕ್ಕಡಿ ಹೊಡೆಯುತ್ತಿದ್ದ ನಾನು ಒಮ್ಮೆ ತಿರುಗಿ ನೋಡಿದೆ. ಅವಳ ಮುಖ ಹಲ್ಲುನೋವಿನವರ ಮುಖದಂತಿತ್ತು.

ಅಲ್ಲಿ ಉಪಚಾರಕ್ಕೇನೂ ಕಡಿಮೆ ಇರಲಿಲ್ಲ. ಊಟವಾಗಿ ಚಕ್ಕಡಿಯಲ್ಲೇ ಹೊಲಕ್ಕೆ ಹೋದೆವು. ಬಿಳಿಜೋಳ ಮೊಣಕಾಲಿಗೆ ಬಂದಿತ್ತು. ಸಾಲುಗಳ ನಡುವೆ ಎತ್ತು ಹೂಡಿ ಚೊಕ್ಕಾಗಿ ಎಡೆಕುಂಟೆ ಹೊಡೆದಿದ್ದರು. ಅಲ್ಲಿ ಕಸದ ಹೆಸರಿಲ್ಲ. ಆದರೆ ಕುಂಟೆ ಸಾಲಿನ ನಡುವೆ ಓಡುತ್ತದೆಯೇ ಹೊರತು ಸಾಲಿನೊಳಗೆ ಹೋಗುವುದಿಲ್ಲವಲ್ಲ. ಗಿಡದ ಬುಡಕ್ಕೆ ಅಂಟಿ ಎದ್ದ ಕಸವನ್ನು ಕುಕ್ಕರಗಾಲಿನಲ್ಲಿ ಕೂತು ಕೈಯಿಂದಲೇ ತೆಗೆಯಬೇಕು. ಅದು ನಮ್ಮ ಸೀಮೆಯಲ್ಲಿ ಹೆಂಗಸರ ಕೆಲಸ. ಎಡೆ ಹೊಡೆಯುವುದು ಗಂಡಸರದು, ನಿಂತು ಮಾಡುವಂಥದ್ದು. ಅಲ್ಲಿ ಸಾಲು ಹಿಡಿದು ಕೂತಿದ್ದವಳು ಹುಡುಗನ ತಾಯಿ. ನಾವು ಬಂದೆವೆಂದು ಏಳಲು ಹೋದಳು. ಎದ್ದಳು, ಆದರೆ ಬೆನ್ನು ಏಳಲಿಲ್ಲ. ಅರ್ಧಕ್ಕೆ ಬಾಗಿಯೇ ನಿಂತು ನಕ್ಕು, ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು.

ಅತ್ತೆ ಅದನ್ನು ನೋಡಿದಳು. ಎರಡೂ ಕೈ ಸೆರಗಿನಿಂದ ಹೊರಗೆ ಬಂದವು. ನಾವು ನೋಡುನೋಡುತ್ತಿದ್ದಂತೆ ಆಕೆಯ ಮಗ್ಗುಲಿಗೆ ಹೋಗಿ ಕೂತಳು, ಕೂತದ್ದೇ ತಡ ಕೈ ಓಡತೊಡಗಿತು.

ಇದು ಎಂಥ ಅನಾಹುತ ಎಂದು ನಿಮಗೆ ಹೇಗೆ ಹೇಳಲಿ? ನೋಡಲು ಬಂದ ಬೀಗರು ಹೊಲದವರ ಕಣ್ಣೆದುರೇ ಕಸ ಕಿತ್ತರೆ, ಉಣ್ಣಲು ಬಂದವರು ಆ ಮನೆಯ ತಾಟು ತಾವೇ ಮತ್ತೆ ತೊಳೆದುಕೊಂಡ ಹಾಗೆ! ಹುಡುಗನ ತಂದೆಯ ಮುಖ ಕಪ್ಪಿಟ್ಟಿತು.

"ನಿಮ್ಮ ಅಕ್ಕಾರು ನಮ್ಮ ಹೊಲದಾಗ ಕಸ ಕಿತ್ತರ, ನಾಳಿ ಊರಾಗ ನಾವು ಹ್ಯಾಂಗ ಮಾರಿ ತೋರಸೂದ್ರಿ?" ಎಂದರು ಅಪ್ಪನಿಗೆ.

ಅಪ್ಪ ಓಡಿ ಬಂದು ಅಕ್ಕನ ಮುಂದೆ ನಿಂತ. "ಅಕ್ಕಾ, ದೇವರ ಮುಂದ ಮಾತು ಕೊಟ್ಟೀದಿ. ಏಳು."

"ಮಾತು ನೆನಪೈತಿ ತಮ್ಮಾ. ಈ ಅವ್ವನ ಜೋಡಿ ಮಾತಾಡಾಕ ಕೂತೀನಿ. ಕೈ ಸುಮ್ಮನ ಕೂಡವಲ್ಲವು, ನಾ ಏನ ಮಾಡಲಿ?"

ಹುಡುಗನ ತಂದೆ ನಮ್ಮ ಎತ್ತು ಕಟ್ಟಿದ್ದ ಕಡೆ ತಾವೇ ನಡೆದರು, ನಮ್ಮ ಚಕ್ಕಡಿ ಹೂಡಲು. ಅದರ ಅರ್ಥ ಎಲ್ಲರಿಗೂ ಗೊತ್ತು. ಅಪ್ಪ ಬದುವಿನ ಮೇಲೆ ಕೂತುಬಿಟ್ಟ. ನನ್ನ ಕಣ್ಣ ಮುಂದೆ ಬಂದದ್ದು ಹಿತ್ತಲಲ್ಲಿ ಪಾತ್ರೆ ತಿಕ್ಕುವ ತಂಗಿ.

ಹುಡುಗ ಅಲ್ಲಿಯವರೆಗೆ ನಮ್ಮ ಹಿಂದೆಯೇ ನಿಂತಿದ್ದ. ಈಗ ತಲೆಯ ಪಟಗ ತೆಗೆದು ಬದುವಿನ ಮೇಲೆ ಇಟ್ಟ. ಧೋತರ ಮೇಲೆ ಕಟ್ಟಿದ. ತಾಯಿಯ ಹತ್ತಿರ ಹೋಗಿ ಕೈ ಚಾಚಿದ.

"ಆ ಕುರ್ಪಿ ತಾ ಯವ್ವಾ. ನೀ ಏಳು."

ತಂದೆ ಎತ್ತಿನ ಕೊರಳ ಹಗ್ಗ ಹಿಡಿದುಕೊಂಡೇ ತಿರುಗಿದರು. "ಗಂಡಸಾಗಿ ಕಸಾ ತಗಿಯಾಕ ಕೂಡತೀಯೇನಲೇ? ಬೀಗರ ಮುಂದ?"

"ಎಡಿ ಹೊಡದಾಂವ ನಾನ ಅಲ್ಲೇನಪ್ಪ. ಸಾಲಿನ್ಯಾಗ ಕಸ ಉಳಿಸಿದಾಂವನೂ ನಾನ. ನಾ ತಗದ್ರ ಏನ ಹೋಗತೈತಿ?"

ಎಂದವನೇ ಕೂತ. ಕೂತು ಮೊದಲ ಏಟಿಗೆ ಒಂದು ಜೋಳದ ಗಿಡವನ್ನೇ ಕತ್ತರಿಸಿದ! ಅತ್ತೆ ಅವನ ಮುಂಗೈಗೆ ಫಟ್ಟನೆ ಒಂದು ಬಿಟ್ಟಳು. ಬೀಗರಿಲ್ಲ, ಅಳಿಯನಿಲ್ಲ, ಮರ್ಯಾದೆಯಿಲ್ಲ. ಕುರ್ಪಿಯನ್ನು ಓರೆಯಾಗಿ ಹಿಡಿ, ಬೇರಿನ ಕೆಳಗೆ ತೂರಿಸು, ಜಗ್ಗಬೇಡ, ಮೀಟು ಎಂದು ಬೈದು ಬೈದು ಕಲಿಸತೊಡಗಿದಳು. ಅವನು ಬೈಸಿಕೊಂಡು ಬೈಸಿಕೊಂಡು ಕಲಿತ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವನ ಹಿಂದೆ ಜೋಳ ಅಷ್ಟೇ ನಿಂತಿತ್ತು.

ಅತ್ತೆ ಎದ್ದು ಕೈಮಣ್ಣು ಝಾಡಿಸಿಕೊಂಡು ಅಪ್ಪನ ಹತ್ತಿರ ಬಂದಳು. "ತಮ್ಮಾ, ಹುಡುಗಿ ಕೊಡು."

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ಹೊಲದಾಗ ಕಸ ಐತಲ್ಲಕ್ಕಾ?"

"ಐತಿ. ತಗಿಯಾಂವ ಅದಾನ."

ಹುಡುಗನ ತಂದೆ ಇನ್ನೂ ಹಗ್ಗ ಹಿಡಿದೇ ನಿಂತಿದ್ದರು. ಆಗ ಅವರ ಹೆಂಡತಿ ಎರಡೂ ಕೈ ಸೊಂಟಕ್ಕೆ ಕೊಟ್ಟು, ಸಾವಕಾಶ, ಸಾವಕಾಶ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಎತ್ತು ಬಿಡ್ರಿ" ಎಂದಳು ಗಂಡನಿಗೆ. "ಮನ್ಯಾಗ ಸಕ್ಕರಿ ಐತಿ. ಬೀಗರ ಬಾಯಿಗೆ ಹಾಕೂಣು."

ಗಂಡ ಹಗ್ಗ ಬಿಟ್ಟರು. ಹಾಗೆ ನಮ್ಮ ತಂಗಿಯ ಮದುವೆ ಗಟ್ಟಿಯಾಯಿತು.

ವಾಪಸು ಬರುವಾಗ ಅಪ್ಪನಿಗೆ ಸಿಟ್ಟು, ಸಂತೋಷ ಎರಡೂ ಒಟ್ಟಿಗೆ. ಅಷ್ಟೊಂದು ಮನೆ ಕಸಕ್ಕಾಗಿ ಬಿಡಿಸಿ, ಕಡೆಗೆ ಕಸವಿದ್ದ ಮನೆಗೇ ಕೊಡಿಸಿದೆಯಲ್ಲ, ಇದು ಯಾವ ನ್ಯಾಯ ಎಂದು ಕೇಳಿದ. ಚಕ್ಕಡಿಯ ಗಾಲಿ ಹಳ್ಳದ ಉಸುಕು ದಾಟಿ ಮೇಲೇರಿದ ಮೇಲೆ ಅತ್ತೆ ಹೇಳಿದಳು.

"ನನ್ನ ಕೊಡೂ ಮುಂದ ಅಪ್ಪ ಮನಿ ಕಂಬ ನೋಡಿದ, ಎತ್ತಿನ ಕೋಡು ನೋಡಿದ. ಹೊಲಕ್ಕ ಯಾರೂ ಹೋಗಲಿಲ್ಲ. ಹೊಲದ ತುಂಬ ಜೇಕಿನ ಕಸ ಇತ್ತು ತಮ್ಮಾ. ಕೈಯಾನ ಅರಿಷಿಣ ಹೋಗೂದರಾಗ ಕುರ್ಪಿ ಹಿಡದೆ. ಆ ಮನ್ಯಾಗ ಗಂಡಸರು ಬದುವಿನ ಮ್ಯಾಲೆ ನಿಂತು ತೋರಸಾವರು, ಅಲ್ಲಿ ಉಳದೈತಿ, ಇಲ್ಲಿ ಉಳದೈತಿ ಅಂತ. ಬಸರಿದ್ದಾಗೂ ಯಾರೂ ಏಳು ಅನಲಿಲ್ಲ. ನಂದು ಆ ಸಾಲಿನ್ಯಾಗ ಹೋತು."

ಅತ್ತೆಗೆ ಮಕ್ಕಳು ಯಾಕಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ದೇವರು ಕೊಡಲಿಲ್ಲ ಎಂದುಕೊಂಡಿದ್ದೆವು. ಅಪ್ಪ ತನ್ನ ಮೈಮೇಲಿನ ಕಂಬಳಿ ತೆಗೆದು ಅಕ್ಕನ ಹೆಗಲಿಗೆ ಹೊದಿಸಿದ. ಚಳಿ ಇನ್ನೂ ಬಿದ್ದಿರಲಿಲ್ಲ.

ಬೇಸಗೆಯಲ್ಲಿ ಮದುವೆಯಾಯಿತು. ನಮ್ಮ ಅಳಿಯನಿಗೆ ಅವನ ಊರಿನವರು ಇಟ್ಟ ಅಡ್ಡಹೆಸರು ಇಲ್ಲಿ ಬರೆಯುವಂಥದ್ದಲ್ಲ. ಹೆಂಗಸರ ಸಾಲಿನಲ್ಲಿ ಕೂತವನಿಗೆ ಇಡುವ ಹೆಸರು ಎಂದರೆ ಸಾಕು. ನಾವು ಮಾತ್ರ ಕೇಳಿದವರಿಗೆಲ್ಲ, ಹೌದು, ಅವನೇ ನಮ್ಮ ಅಳಿಯ ಎಂದು ಮೀಸೆ ತಿರುವಿ ಹೇಳುತ್ತಿದ್ದೆವು.

ಆ ಹಿಂಗಾರಿಯಲ್ಲಿ, ಜೋಳ ಮೊಣಕಾಲಿಗೆ ಬಂದಾಗ, ತಂಗಿಗೆ ಐದು ತಿಂಗಳ ಬಸುರಿನ ಕುಬಸ. ಹಸಿರು ಸೀರೆ, ಹಸಿರು ಬಳೆ, ಐದು ತರಹದ ಅನ್ನ ಕಟ್ಟಿಕೊಂಡು ಹೋದೆವು. ಆರತಿಯ ಹೊತ್ತಿಗೆ ಅತ್ತೆ ತಾನು ಮುಂದೆ ಬರುವವಳಲ್ಲವೆಂದು ಹಿಂದೆ ಸರಿದು ಕಂಬಕ್ಕೆ ಆತು ನಿಂತಳು. ಎಲ್ಲ ಮುಗಿದ ಮೇಲೆ ತಂಗಿಯೇ ಬಂದು ಅವಳ ಕೈ ಹಿಡಿದು ಹೊಲಕ್ಕೆ ಕರೆದುಕೊಂಡು ಹೋದಳು. ಹಿಂದೆ ನಾನು.

ಬೇವಿನ ಗಿಡದ ಕೆಳಗೆ ಅಳಿಯ ಆಗಲೇ ಕಂಬಳಿ ಹಾಸಿಟ್ಟಿದ್ದ. ತಂಗಿಯ ಪಾಲಿಗೆ ಬಂದ ಸಾಲನ್ನು ತಾನೇ ಹಿಡಿದು ಕೂತಿದ್ದ. ಅವನಿಂದ ಸ್ವಲ್ಪ ಮುಂದೆ, ಬೀಗರು ನೋಡಿಬಿಟ್ಟಾರು ಎಂಬ ಹಾಗೆ ಮುಖ ಆಚೆ ತಿರುಗಿಸಿಕೊಂಡು, ಅವನ ಅಪ್ಪನೂ ಕೂತಿದ್ದರು! ನಾನು ಅತ್ತೆಯ ಮುಖ ನೋಡಿದೆ. ಈಗ ಕಚ್ಚೆ ಬಿಗಿಯುತ್ತಾಳೆ, ಈಗ ಸಾಲಿಗೆ ಇಳಿಯುತ್ತಾಳೆ ಎಂದು ಕಾದೆ. ಅವಳು ಇಳಿಯಲಿಲ್ಲ. ಕಂಬಳಿಯ ಮೇಲೆ ತಂಗಿಯ ಪಕ್ಕದಲ್ಲಿ ಕೂತಳು. ಎದುರಿಗೆ ಹೊಲದ ತುಂಬ ತೆಗೆಯದ ಸಾಲುಗಳಿದ್ದವು. ಆ ಬಿರಿದ, ಕರಿ ಮಣ್ಣು ಉಗುರಿನೊಳಗೆ ಖಾಯಂ ಆಗಿ ಮನೆ ಮಾಡಿದ ಕೈಯನ್ನು ತಂಗಿಯ ಹೊಟ್ಟೆಯ ಹಸಿರು ಸೀರೆಯ ಮೇಲೆ ಇಟ್ಟಳು.

ಬಹಳ ಹೊತ್ತಾದರೂ ಕೈ ತೆಗೆಯಲಿಲ್ಲ. ತಂಗಿಗೆ ನಾಚಿಕೆಯಾಯಿತು. "ಅತ್ತೀ, ಎಲ್ಲಾರೂ ನೋಡಾಕತ್ತಾರ. ಏನ ಮಾಡಾಕತ್ತಿ?" ಎಂದಳು.

"ಸುಮ್ಮನ ಕೂಡು" ಎಂದಳು ಅತ್ತೆ. "ಒದಿಯಾಕತ್ತೈತಿ."